ಯಾವ ಬೆರಳು ತಡವಾಗಿ ಬರುತ್ತಿದೆ?

ಗಿಟಾರ್ ಕಲಿಯಲು ಬಂದವರನ್ನು ಮೊದಲ ದಿನವೇ ಒಂದು ಮಾತು ಕೇಳುತ್ತೇನೆ. "ಏನು ಮಾಡಬೇಕು ಅಂತ ಇದ್ದೀರಿ?" ಹೆಚ್ಚಿನವರ ಉತ್ತರ ಒಂದೇ. "ಚೆನ್ನಾಗಿ ನುಡಿಸಬೇಕು ಸರ್."

ಈ ಆಸೆ ಇಲ್ಲದೆ ಯಾರೂ ಬೆರಳ ತುದಿ ನೋಯಿಸಿಕೊಂಡು ಕೂರುವುದಿಲ್ಲ. ಆದರೆ ಮರುದಿನ ಗಿಟಾರ್ ಕೈಗೆತ್ತಿಕೊಂಡಾಗ ಈ ಆಸೆ ನಮಗೆ ದಾರಿ ತೋರಿಸುವುದಿಲ್ಲ. ಎಲ್ಲಿಂದ ಶುರು ಮಾಡಬೇಕು? ಎಷ್ಟು ಹೊತ್ತು? ಆಯ್ತು ಅಂತ ಹೇಗೆ ಗೊತ್ತಾಗಬೇಕು? ಏನೂ ತಿಳಿಯದೆ ಗೊತ್ತಿರುವ ಹಾಡನ್ನೇ ಮೊದಲಿನಿಂದ ನುಡಿಸುತ್ತೇವೆ. ಎಡವುವ ಜಾಗ ಬಂದಾಗ ಎಡವುತ್ತೇವೆ. ಮತ್ತೆ ಮೊದಲಿಗೆ ಹೋಗುತ್ತೇವೆ. ಹೀಗೆ ಅರ್ಧ ಗಂಟೆ ಕಳೆದರೆ, ಅಷ್ಟು ಹೊತ್ತೂ ಎಡವುವುದನ್ನೇ ಅಭ್ಯಾಸ ಮಾಡಿದ ಹಾಗಾಯಿತು.

ಅದಕ್ಕೇ ನಾನು ಹೇಳುವುದು, ಗುರಿ ಅನ್ನುವುದು ಹಾಡಿನ ಹೆಸರಾಗಬಾರದು. ಹಾಡಿನೊಳಗೆ ಕೈ ತೊಡರುವ ಜಾಗದ ಹೆಸರಾಗಬೇಕು.

ನನ್ನ ಬಳಿ ಕಲಿಯುವ ಒಬ್ಬರು ಮೂರು ತಿಂಗಳಿನಿಂದ ಎಫ್ ಕಾರ್ಡ್ ಜೊತೆ ಒದ್ದಾಡುತ್ತಿದ್ದರು. ಕಾರ್ಡ್ ಅಂದರೆ ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವುದು; ಸಿ, ಎಫ್ ಅನ್ನುವುದು ಅವುಗಳ ಹೆಸರು, ಒಂದೊಂದಕ್ಕೂ ಬೆರಳ ಹಿಡಿತ ಬೇರೆ. "ನನ್ನ ಬೆರಳು ಚಿಕ್ಕದು ಸರ್, ಇದು ನನ್ನ ಕೈಲಿ ಆಗೋದಲ್ಲ" ಅಂದರು. ಅವರ ಪುಸ್ತಕದಲ್ಲಿ ಗುರಿ ಬರೆದಿತ್ತು: 'ಎಫ್ ಕಲಿಯಬೇಕು.' ನಾನು ಅಂದೆ, "ಮೊದಲು ಸಿ ಹಿಡಿಯಿರಿ ಮೇಡಂ. ಈಗ ನಿಧಾನಕ್ಕೆ ಎಫ್‌ಗೆ ಹೋಗಿ. ನಾನು ಕೈ ಮಾತ್ರ ನೋಡ್ತೀನಿ."

ಅವರ ಬೆರಳುಗಳೆಲ್ಲ ಒಟ್ಟಿಗೆ ತಂತಿ ಬಿಟ್ಟು ಮೇಲೆದ್ದವು. ಗಾಳಿಯಲ್ಲಿ ಒಂದು ಕ್ಷಣ ನಿಂತವು. ಆಮೇಲೆ ಒಂದೊಂದಾಗಿ ಇಳಿದವು. ಉಂಗುರ ಬೆರಳು ಎಲ್ಲಿಂದ ಎದ್ದಿತ್ತೋ ಅಲ್ಲಿಗೇ ವಾಪಸ್ ಬಂದು ಕೂತಿತು!

ನೀವೂ ಗಿಟಾರ್ ಹಿಡಿದು ನೋಡಿ. ತಂತಿಗಳನ್ನು ಎಣಿಸುವುದು ತೆಳ್ಳಗಿನದರಿಂದ; ಗಿಟಾರ್‌ನ ಕತ್ತಿನ ಮೇಲೆ ಅಡ್ಡಕ್ಕಿರುವ ಲೋಹದ ಪಟ್ಟಿಗಳೇ ಫ್ರೆಟ್. ಸಿ ಕಾರ್ಡ್‌ನಲ್ಲಿ ಉಂಗುರ ಬೆರಳು ಐದನೇ ತಂತಿಯ ಮೂರನೇ ಫ್ರೆಟ್‌ನಲ್ಲಿರುತ್ತದೆ. ಎಫ್ ಬಾರ್ ಕಾರ್ಡ್‌ನಲ್ಲೂ (ತೋರುಬೆರಳನ್ನು ತಂತಿಗಳಿಗೆ ಅಡ್ಡ ಇಟ್ಟು ಹಿಡಿಯುವ ಎಫ್) ಅದು ಅಲ್ಲೇ ಇರುತ್ತದೆ. ಅಂದರೆ ಅದನ್ನು ಎತ್ತುವ ಅಗತ್ಯವೇ ಇಲ್ಲ. ಅದನ್ನು ಊರಿಕೊಂಡೇ ಉಳಿದ ಬೆರಳುಗಳು ಸರಿಯಬಹುದು. ನಡುಬೆರಳು ಅದೇ ಎರಡನೇ ಫ್ರೆಟ್‌ನಲ್ಲಿ ನಾಲ್ಕನೇ ತಂತಿಯಿಂದ ಮೂರನೇ ತಂತಿಗೆ ಜಾರಿದರೆ ಸಾಕು. ಕಿರುಬೆರಳು ಉಂಗುರ ಬೆರಳಿನ ಪಕ್ಕದಲ್ಲೇ, ನಾಲ್ಕನೇ ತಂತಿಯ ಮೂರನೇ ಫ್ರೆಟ್‌ಗೆ ಬಂದು ಕೂರುತ್ತದೆ. ನಿಜವಾದ ಕೆಲಸ ಇರುವುದು ತೋರುಬೆರಳಿಗೆ. ತುದಿಯ ಮೇಲೆ ನಿಂತಿದ್ದದ್ದು ಈಗ ಆರೂ ತಂತಿಗಳ ಮೇಲೆ ಅಡ್ಡ ಮಲಗಬೇಕು.

ಹಾಗೆ ಮಲಗಿದರೂ ಆರೂ ತಂತಿಗಳನ್ನು ಅದೇ ಒತ್ತಬೇಕಿಲ್ಲ. ಐದು, ನಾಲ್ಕು, ಮೂರನೇ ತಂತಿಗಳನ್ನು ಬೇರೆ ಬೆರಳುಗಳು ಹಿಡಿದಿರುತ್ತವೆ. ತೋರುಬೆರಳಿನ ಪಾಲಿಗೆ ಉಳಿಯುವುದು ಆರನೆಯದು, ಎರಡನೆಯದು, ಒಂದನೆಯದು. ಇದು ಗೊತ್ತಿಲ್ಲದೆ ಎಷ್ಟೋ ಜನ ಪೂರ್ತಿ ಬೆರಳಿಗೆ ಬಲ ಹಾಕಿ ಹೆಬ್ಬೆರಳು ನೋಯಿಸಿಕೊಳ್ಳುತ್ತಾರೆ. ಬೆರಳನ್ನು ಸ್ವಲ್ಪ ಪಕ್ಕಕ್ಕೆ, ಮೂಳೆ ಇರುವ ಅಂಚಿನ ಕಡೆಗೆ ಹೊರಳಿಸಿದರೆ ಅರ್ಧ ಕಷ್ಟ ಕಡಿಮೆಯಾಗುತ್ತದೆ.

ಅವತ್ತು ಅವರ ಪುಸ್ತಕದಲ್ಲಿದ್ದ ಗುರಿಯನ್ನು ಹೊಡೆದು ಹಾಕಿ ಹೊಸದು ಬರೆದೆವು. 'ಉಂಗುರ ಬೆರಳು ಎತ್ತದೆ ಸಿಯಿಂದ ಎಫ್‌ಗೆ, ಎಫ್‌ನಿಂದ ಸಿಗೆ. ಮೆಟ್ರೋನೋಮ್ 60. ಒಂದೊಂದು ಕಾರ್ಡ್‌ಗೆ ನಾಲ್ಕು ಎಣಿಕೆ. ಹತ್ತು ಸುತ್ತು.' ಮೆಟ್ರೋನೋಮ್ ಅಂದರೆ ಟಿಕ್ ಟಿಕ್ ಅಂತ ಲಯ ತೋರಿಸುವ ಸಾಧನ; 60 ಅಂದರೆ ನಿಮಿಷಕ್ಕೆ 60 ಎಣಿಕೆ. ಲೆಕ್ಕ ಹಾಕಿದರೆ ಇದು 80 ಸೆಕೆಂಡಿನ ಕೆಲಸ. ಸುಸ್ತಾದ ದಿನವೂ ಮಾಡಬಹುದು. ಆಯ್ತೋ ಇಲ್ಲವೋ ಅಂತ ಹೇಳಲು ಮೇಷ್ಟ್ರು ಬೇಕಿಲ್ಲ, ನಿಮ್ಮ ಕಿವಿಯೇ ಸಾಕು. ತಂತಿ ಟಪ್ ಅಂತ ಸತ್ತರೆ ಆಗಲಿಲ್ಲ. ಎಫ್‌ನಲ್ಲಿ ಆರೂ ಮೊಳಗಿದರೆ ಆಯ್ತು.

ಒಂದನೇ ಫ್ರೆಟ್‌ನಲ್ಲಿ ತೀರಾ ಕಷ್ಟ ಅನ್ನಿಸಿದರೆ ಅದೇ ಆಕಾರವನ್ನು ಐದನೇ ಫ್ರೆಟ್‌ಗೆ ಒಯ್ಯಿರಿ. ಅಲ್ಲಿ ಅದು ಎ ಮೇಜರ್ ಅನ್ನುವ ಕಾರ್ಡ್ ಆಗುತ್ತದೆ. ಸಾಮಾನ್ಯ ಅಳತೆಯ ಗಿಟಾರ್‌ನಲ್ಲಿ ಒಂದನೇ ಫ್ರೆಟ್‌ನ ಅಂತರ ಸುಮಾರು 36 ಮಿಲಿಮೀಟರ್, ಐದನೆಯದು ಸುಮಾರು 29. ಬೆರಳು ಅಷ್ಟು ಚಾಚಬೇಕಿಲ್ಲ, ಅಷ್ಟು ಒತ್ತಲೂ ಬೇಕಿಲ್ಲ. ಅಲ್ಲಿ ಗಟ್ಟಿಯಾದ ಮೇಲೆ ದಿನಕ್ಕೊಂದು ಫ್ರೆಟ್ ಕೆಳಗಿಳಿಯಬಹುದು. ಇನ್ನೊಂದು ಮಾತು. ತಂತಿಗಳು ಫ್ರೆಟ್‌ಗಳಿಂದ ಜಾಸ್ತಿ ಎತ್ತರದಲ್ಲಿದ್ದರೆ ಯಾರ ಕೈಗೂ ಎಫ್ ಸುಲಭವಲ್ಲ. ಗಿಟಾರ್ ರಿಪೇರಿ ಬಲ್ಲವರಿಗೆ ಒಮ್ಮೆ ತೋರಿಸಿ. ವಾದ್ಯದ ದೋಷವನ್ನು ನಿಮ್ಮ ದೋಷ ಅಂದುಕೊಂಡು ಎಷ್ಟೋ ಜನ ಬಿಟ್ಟೇ ಹೋಗುತ್ತಾರೆ. ಅದು ನನಗೆ ತುಂಬಾ ಬೇಸರದ ವಿಷಯ.

ವೇಗದ ಗುರಿ ಬಗ್ಗೆ ನನಗೆ ಭಯವಿದೆ. ಕಾರಣ ನನ್ನದೇ ಅನುಭವ. ಹರೆಯದಲ್ಲಿ ಒಂದು ಸ್ಕೇಲನ್ನು (ಸ್ವರಗಳ ಏರಿಳಿತದ ಸಾಲು) ಮೆಟ್ರೋನೋಮ್ 160ರಲ್ಲಿ ನುಡಿಸಬೇಕು ಅಂತ ಗೋಡೆಗೆ ಬರೆದು ಅಂಟಿಸಿದ್ದೆ. ದಿನಾ ಅದನ್ನೇ ನೋಡುತ್ತಿದ್ದೆ. ಕೈ ಬಿಗಿಯಾಗುತ್ತಿದ್ದದ್ದು ಗೊತ್ತಾದರೂ ನಿಲ್ಲಿಸಲಿಲ್ಲ. ಮಣಿಕಟ್ಟು ನೋಯಲು ಶುರುವಾಗಿ ಆರು ವಾರ ಗಿಟಾರ್ ಮುಟ್ಟಲಾಗಲಿಲ್ಲ. ಬೆರಳ ತುದಿಯ ಉರಿ ಬೇರೆ, ಮಣಿಕಟ್ಟಿನ ನೋವು ಬೇರೆ. ಮೊದಲ ವಾರಗಳಲ್ಲಿ ತುದಿ ಉರಿಯುವುದು ಸಹಜ, ಚರ್ಮ ಗಟ್ಟಿಯಾದ ಮೇಲೆ ಹೋಗುತ್ತದೆ. ಮಣಿಕಟ್ಟು ಅಥವಾ ಮುಂಗೈ ನೋವು ಬಂದರೆ ಅಲ್ಲಿಗೇ ನಿಲ್ಲಿಸಿ. ಹೋಗದಿದ್ದರೆ ಡಾಕ್ಟರಿಗೆ ತೋರಿಸಿ.

ಈಗ ನಾನು ಅನುಸರಿಸುವುದು ಸಣ್ಣ ನಿಯಮ. ಸತತ ಐದು ಸಲ ತಪ್ಪಿಲ್ಲದೆ, ಕೈ ಸಡಿಲವಾಗಿಟ್ಟುಕೊಂಡು ಬಂದರೆ ಮೆಟ್ರೋನೋಮನ್ನು ನಾಲ್ಕು ಹೆಜ್ಜೆ ಏರಿಸುತ್ತೇನೆ. ತಪ್ಪಿದರೆ ಎಂಟು ಇಳಿಸುತ್ತೇನೆ. ಇಳಿಸುವುದು ಸೋಲು ಅಂತ ಯಾರಿಗೂ ಅನ್ನಿಸಬಾರದು. ನಿಧಾನದಲ್ಲಿ ತಪ್ಪು ಕಣ್ಣಿಗೆ ಬೀಳುತ್ತದೆ, ವೇಗದಲ್ಲಿ ಅದು ಅಡಗಿಕೊಳ್ಳುತ್ತದೆ.

ಸ್ವೀಡನ್ನಿನ ಮನೋವಿಜ್ಞಾನಿ ಆಂಡರ್ಸ್ ಎರಿಕ್ಸನ್ ಮತ್ತು ಜೊತೆಗಾರರು ಬರ್ಲಿನ್‌ನ ಪಿಟೀಲು ವಿದ್ಯಾರ್ಥಿಗಳ ಅಭ್ಯಾಸವನ್ನು ಗಮನಿಸಿ 1993ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅದರಿಂದ ಜನರ ಬಾಯಲ್ಲಿ ಉಳಿದದ್ದು, ಪರಿಣತರಾಗಲು '10,000 ಗಂಟೆ' ಬೇಕು ಅನ್ನುವ ಸಂಖ್ಯೆ ಮಾತ್ರ. ಅವರು ಒತ್ತಿ ಹೇಳಿದ್ದು ಎಂಥ ಅಭ್ಯಾಸ ಅನ್ನುವುದನ್ನು. ಕೊರತೆ ಎಲ್ಲಿದೆಯೋ ಅಲ್ಲಿಗೇ ಗಮನ ಕೊಟ್ಟು, ತಪ್ಪು ತಿದ್ದಿಕೊಳ್ಳುತ್ತಾ ಮಾಡುವ ಅಭ್ಯಾಸ ಅದು. ಸುಮ್ನೆ ಗಂಟೆ ಎಣಿಸುವುದು ಅಲ್ಲ. ದಿನಕ್ಕೆ ಇಪ್ಪತ್ತು ನಿಮಿಷ ಹೀಗೆ ಕೂತರೆ, ವಾರಕ್ಕೊಮ್ಮೆ ಎರಡು ಗಂಟೆ ಕೂರುವುದಕ್ಕಿಂತ ಹೆಚ್ಚು ಕೈಗೆ ಹತ್ತುತ್ತದೆ. ಇದನ್ನು ನಾನು ವರ್ಷಗಳಿಂದ ನೋಡುತ್ತಿದ್ದೇನೆ.

ಇನ್ನೊಬ್ಬರ ಗುರಿಯನ್ನು ಸಾಲ ತರಬೇಡಿ ಅಂತಲೂ ಹೇಳಬೇಕು. ಜಾಝ್ ಗಿಟಾರ್ ವಾದಕ ಜಾಂಗೋ ರೈನ್‌ಹಾರ್ಟ್ ಅವರ ಎಡಗೈಯ ಉಂಗುರ ಬೆರಳು, ಕಿರುಬೆರಳು 1928ರ ಬೆಂಕಿ ಅನಾಹುತದಲ್ಲಿ ಸುಟ್ಟು ಮಡಚಿಕೊಂಡವು. ಅವರು ಮಿಕ್ಕ ಎರಡು ಬೆರಳುಗಳಲ್ಲೇ ಸೋಲೋ ನುಡಿಸುವ ದಾರಿ ಹುಡುಕಿದರು. 'ಬ್ಲ್ಯಾಕ್ ಸಬ್ಬತ್' ರಾಕ್ ತಂಡದ ಗಿಟಾರ್ ವಾದಕ ಟೋನಿ ಅಯೋಮಿ ಎಡಚರು, ತಂತಿ ಒತ್ತುವುದು ಬಲಗೈಯಲ್ಲಿ. 1965ರಲ್ಲಿ, 17ನೇ ವಯಸ್ಸಿನಲ್ಲಿ, ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಆ ಕೈಯ ಎರಡು ಬೆರಳ ತುದಿ ಹೋದವು. ಪ್ಲಾಸ್ಟಿಕ್ ಕರಗಿಸಿ ತುದಿಗೆ ಟೋಪಿ ಮಾಡಿಕೊಂಡರು, ತೆಳ್ಳಗಿನ ತಂತಿ ಹಾಕಿದರು. ಇಬ್ಬರೂ ತಮ್ಮ ಕೈಯನ್ನು ನೋಡಿಯೇ ಮುಂದಿನ ಹೆಜ್ಜೆ ಇಟ್ಟವರು. ನಾವು ಮಾತ್ರ ಬೇರೆ ಯಾರದೋ ವಿಡಿಯೋ ನೋಡಿ ನಮ್ಮ ವೇಳಾಪಟ್ಟಿ ಬರೆಯುತ್ತೇವೆ, ಅಲ್ವಾ?

ನಿಮ್ಮ ಕೈಯನ್ನು ನೀವೇ ನೋಡಿಕೊಳ್ಳಲು ಫೋನ್ ಒಳ್ಳೆಯ ಸಾಧನ. ವಾರಕ್ಕೊಮ್ಮೆ ಒಂದೇ ನಿಮಿಷ ರೆಕಾರ್ಡ್ ಮಾಡಿ. ಆಗಲೇ ಕೇಳಬೇಡಿ, ಮರುದಿನ ಕೇಳಿ. ನುಡಿಸುವಾಗ ನಮಗೆ ನಮ್ಮ ಉದ್ದೇಶವೇ ಕೇಳಿಸುತ್ತಿರುತ್ತದೆ. ಮರುದಿನ ಕೇಳಿಸುವುದು ನಿಜಕ್ಕೂ ಬಂದ ಸದ್ದು. ಹೆಚ್ಚಿನವರಿಗೆ ಮೊದಲು ಗೊತ್ತಾಗುವುದು ಲಯದ ತಪ್ಪು. ಕಾರ್ಡ್ ಬದಲಿಸುವ ಮುಂಚೆ ಕೈ ತಡವರಿಸುತ್ತದೆ, ಬದಲಿಸಿದ ಮೇಲೆ ಆ ನಷ್ಟ ತುಂಬಲು ಓಡುತ್ತದೆ. ಹಾಗೆ ಕಂಡರೆ ಮುಂದಿನ ವಾರದ ಗುರಿ ಸಿಕ್ಕಿತು. 80ರ ವೇಗ ಬೇಕಿದ್ದರೆ ಮೆಟ್ರೋನೋಮನ್ನು 40ಕ್ಕೆ ಇಟ್ಟು, ಅದರ ಸದ್ದನ್ನು ಎರಡು ಮತ್ತು ನಾಲ್ಕನೇ ಎಣಿಕೆ ಅಂತ ಲೆಕ್ಕ ಹಿಡಿಯಿರಿ. ಒಂದು, ಮೂರನ್ನು ನಿಮ್ಮ ಮನಸ್ಸೇ ಹಿಡಿದುಕೊಳ್ಳಬೇಕು. ಮೊದಲ ದಿನ ಕಷ್ಟವಾಗುತ್ತದೆ, ಆದರೆ ಲಯ ನಿಮ್ಮೊಳಗೆ ಇಳಿಯುವುದು ಹೀಗೇ.

ದೊಡ್ಡ ಗುರಿ ಬೇಡವೇ? ಒಂದಿರಲಿ, ಒಂದೇ ಇರಲಿ. ನಾನು ಸಾಮಾನ್ಯವಾಗಿ ಕೊಡುವುದು ಇದು: ಆರು ತಿಂಗಳಲ್ಲಿ ಮೂರು ನಿಮಿಷದ ಒಂದು ಹಾಡನ್ನು ಇಬ್ಬರ ಎದುರು, ನಿಲ್ಲಿಸದೆ ನುಡಿಸಬೇಕು. 'ತಪ್ಪಿಲ್ಲದೆ' ಅಂತ ನಾನು ಬರೆಸುವುದಿಲ್ಲ. ತಪ್ಪಾದಾಗ ನಿಂತು ತಿದ್ದುವುದು ಅಭ್ಯಾಸ. ತಪ್ಪಾದರೂ ತಾಳ ಬಿಡದೆ ಮುಂದೆ ಹೋಗುವುದು ನುಡಿಸುವಿಕೆ. ಎರಡನೆಯದನ್ನೂ ಬೇರೆಯಾಗಿ ಅಭ್ಯಾಸ ಮಾಡಬೇಕು. ವಾರದಲ್ಲಿ ಒಂದು ದಿನ ಏನೇ ಆದರೂ ನಿಲ್ಲಿಸದೆ ಹಾಡು ಮುಗಿಸಿ. ಎಲ್ಲಿ ಎಡವಿದಿರೋ ಅದನ್ನು ಮುಗಿದ ಮೇಲೆ ಬರೆದುಕೊಳ್ಳಿ.

ಎಫ್ ಜೊತೆ ಒದ್ದಾಡುತ್ತಿದ್ದ ಆ ಮೇಡಂ ಎರಡು ವಾರ ಬಿಟ್ಟು ಬಂದರು. ಗಿಟಾರ್ ಚೀಲದಿಂದ ತೆಗೆಯುವ ಮುಂಚೆಯೇ ಪುಸ್ತಕ ಬಿಚ್ಚಿ ತೋರಿಸಿದರು. ಹತ್ತು ದಿನದ ಗುರುತುಗಳಿದ್ದವು. ಮೊದಲ ದಿನ ಹತ್ತರಲ್ಲಿ ಎರಡು ಸುತ್ತು, ಹತ್ತನೇ ದಿನ ಎಂಟು. ಕೆಳಗೆ ಪೆನ್ಸಿಲ್‌ನಲ್ಲಿ ಒಂದು ಸಾಲು ಬರೆದಿದ್ದರು.

"ಉಂಗುರ ಬೆರಳು ಈಗ ಏಳಲ್ಲ. ಕಿರುಬೆರಳು ತಡ."