ಸಂಬಳದ ದಿನಕ್ಕೂ ಒಂದು ಟೈಮ್‌ಟೇಬಲ್

"ದಿನವಿಡೀ ಮಕ್ಕಳಿಗೆ ಅವಸರ ಮಾಡಬೇಡಿ, ಪ್ರಶ್ನೆ ಪೂರ್ತಿ ಓದಿ ಆಮೇಲೆ ಬರೀರಿ ಅಂತೀನಿ. ಸಂಬಳ ಬಂದ ದಿನ ಫೋನಿನಲ್ಲಿ ಏನೇನೋ ಕೊಳ್ಳೋಕೆ ನಾನೇ ಅವಸರ ಮಾಡ್ತೀನಿ." ಪರಿಚಯದ ಟೀಚರ್ ಒಬ್ಬರು ಹೀಗಂದಾಗ ಅವರ ದನಿ ತಗ್ಗಿತ್ತು. ಹೋದ ದುಡ್ಡಿಗಿಂತ ನಾಚಿಕೆಯೇ ಅವರನ್ನು ಜಾಸ್ತಿ ಕಾಡುತ್ತಿತ್ತು. ಶಿಸ್ತು ಕಲಿಸುವವಳಿಗೇ ಶಿಸ್ತಿಲ್ಲವಲ್ಲ ಅನ್ನುವ ಕೊರಗು.

ಆ ಕೊರಗು ಬೇಡ. ಸಮಾಧಾನಕ್ಕೆಂದು ಈ ಮಾತು ಹೇಳುತ್ತಿಲ್ಲ. ಸಂಬಳದ ಸಂಜೆ ಫೋನ್ ಹಿಡಿದು ಕೂತಾಗ ತಲೆಯೊಳಗೆ ಏನಾಗುತ್ತದೆ ಅನ್ನುವುದನ್ನು ವಿಜ್ಞಾನಿಗಳು ಸಾಕಷ್ಟು ಹುಡುಕಿದ್ದಾರೆ. ಅದನ್ನು ತಿಳಿದುಕೊಂಡರೆ ಒಂದು ವಿಷಯ ಕಾಣುತ್ತದೆ. ಇದಕ್ಕೆ ಬೇಕಾದ ಉಪಾಯ ಟೀಚರ್‌ಗಳ ಕೈಯಲ್ಲಿ ಆಗಲೇ ಇದೆ. ತರಗತಿಯಲ್ಲಿ ದಿನಾ ಬಳಸುತ್ತಾರೆ, ತಮಗೆ ಮಾತ್ರ ಬಳಸಿಕೊಂಡಿಲ್ಲ.

ಮೊದಲು ಸಂಬಳದ ದಿನದ ವಿಷಯ. ಆ ದಿನ ಖರ್ಚು ಏರುವುದು ನಿಜ. 2014ರಲ್ಲಿ ಅಮೆರಿಕದ ಸಂಶೋಧಕರು ಒಂದು ಹಣಕಾಸಿನ ಆ್ಯಪ್ ಬಳಸುವ ಸಾವಿರಾರು ಜನರ ಲೆಕ್ಕ ತೆಗೆದು ನೋಡಿದರು. ಸಂಬಳ ಬಂದ ಕೂಡಲೇ ಖರ್ಚು ಜಿಗಿದಿತ್ತು. ಆದರೆ ಅದರಲ್ಲಿ ದೊಡ್ಡ ಪಾಲು ಬಾಡಿಗೆ, ಬಿಲ್ಲುಗಳಂಥ ತಿಂಗಳ ಖರ್ಚು. ಸಂಬಳ ಬರುವ ದಿನ ನೋಡಿಯೇ ಜನ ಅವನ್ನು ಕಟ್ಟುತ್ತಾರೆ. ಅಂದರೆ ಖರ್ಚಾದದ್ದೆಲ್ಲ ಚಪಲ ಅಲ್ಲ. ಮರುದಿನ ಖಾತೆ ನೋಡಿ ಗಾಬರಿಯಾಗುವವರು ಮೊದಲು ಈ ಎರಡನ್ನು ಬೇರೆ ಮಾಡಿ ನೋಡಬೇಕು.

ಬಿಲ್ಲುಗಳನ್ನು ಬಿಟ್ಟ ಮೇಲೂ ಒಂದಿಷ್ಟು ಉಳಿಯುತ್ತದೆ. ಐಸ್‌ಲ್ಯಾಂಡಿನ ಜನರ ಲೆಕ್ಕವನ್ನು ಇಟ್ಟುಕೊಂಡು 2018ರಲ್ಲಿ ಪ್ರಕಟವಾದ ಅಧ್ಯಯನ ಇನ್ನೊಂದು ಸಂಗತಿ ತೋರಿಸಿತು. ಕೈಯಲ್ಲಿ ಬೇಕಾದಷ್ಟು ದುಡ್ಡಿದ್ದವರೂ ಸಂಬಳದ ದಿನ ಜಾಸ್ತಿ ಖರ್ಚು ಮಾಡುತ್ತಿದ್ದರು. ಹಿಂದಿನ ದಿನವೂ ಅವರಿಗೆ ಆ ವಸ್ತು ಕೊಳ್ಳುವ ಶಕ್ತಿ ಇತ್ತು, ಕೊಂಡಿರಲಿಲ್ಲ. ಬದಲಾದದ್ದು ದಿನ ಮಾತ್ರ. ಹಾಗಾದರೆ ದುಡ್ಡು ಕಮ್ಮಿ ಇದ್ದವರಿಗಷ್ಟೇ ಈ ತೊಂದರೆ ಅನ್ನುವ ಹಾಗಿಲ್ಲ. ಆ ದಿನಕ್ಕೇ ಏನೋ ಒಂದು ಸೆಳೆತ ಇದೆ.

ಆ ಸೆಳೆತ ಎಲ್ಲಿಂದ ಬರುತ್ತದೆ? ಇದಕ್ಕೆ ಕೋತಿಗಳ ಮೇಲೆ ನಡೆದ ಒಂದು ಪ್ರಯೋಗ ನೋಡಬೇಕು. ನರವಿಜ್ಞಾನಿ ವೋಲ್ಫ್ರಾಮ್ ಷುಲ್ಟ್ಸ್ ಮತ್ತು ಅವರ ತಂಡ ಕೋತಿಗಳಿಗೆ ಹಣ್ಣಿನ ರಸದ ತೊಟ್ಟು ಕೊಟ್ಟು, ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಬಿಡುವ ಕೋಶಗಳು ಯಾವಾಗ ಚುರುಕಾಗುತ್ತವೆ ಎಂದು ನೋಡುತ್ತಿದ್ದರು. ಮೊದಮೊದಲು ರಸ ನಾಲಿಗೆಗೆ ಬಿದ್ದಾಗ ಕೋಶಗಳು ಚುರುಕಾದವು. ಆಮೇಲೆ ರಸಕ್ಕೆ ಮುಂಚೆ ಒಂದು ದೀಪ ಹೊತ್ತಿಸುವುದನ್ನು ರೂಢಿ ಮಾಡಿದರು. ಕೋತಿ ಅದನ್ನು ಕಲಿತ ಮೇಲೆ, ಕೋಶಗಳು ದೀಪ ಹೊತ್ತಿದಾಗಲೇ ಚುರುಕಾಗತೊಡಗಿದವು. ರಸ ಬಂದಾಗ ವಿಶೇಷವೇನೂ ಆಗಲಿಲ್ಲ. ದೀಪ ಹೊತ್ತಿಯೂ ರಸ ಬಾರದಿದ್ದರೆ, ಅದು ಬರಬೇಕಿದ್ದ ಕ್ಷಣದಲ್ಲಿ ಕೋಶಗಳು ಮಂಕಾದವು. 1997ರಲ್ಲಿ ಈ ಕೆಲಸದ ವಿವರಣೆ ಪ್ರಕಟವಾದಾಗ ಡೋಪಮಿನ್ ಬಗೆಗಿನ ತಿಳಿವಳಿಕೆಯೇ ಬದಲಾಯಿತು.

ಕೊನೆಯ ಪೀರಿಯಡ್‌ನ ಗಂಟೆ ನೆನಪಿಸಿಕೊಳ್ಳಿ. ಮಕ್ಕಳು ಇನ್ನೂ ಮನೆ ತಲುಪಿಲ್ಲ, ಆಟಕ್ಕೆ ಇಳಿದಿಲ್ಲ. ಗಂಟೆ ಬಾರಿಸಿದ್ದೇ ತಡ, ಮುಖ ಅರಳುತ್ತದೆ! ಸಂಬಳ ಬಂತೆಂದು ಫೋನಿಗೆ ಬರುವ ಸಂದೇಶವೂ ಹಾಗೇ, ಅದೊಂದು ಗಂಟೆ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಆ ಸಂದೇಶದ ಹಿಂದೆಯೇ ಹೊಸ ವಸ್ತು ಬಂದಿದ್ದರೆ, ಮಿದುಳು ಎರಡನ್ನೂ ಜೋಡಿಸಿಕೊಂಡಿರುತ್ತದೆ.

ಇನ್ನೊಬ್ಬ ವಿಜ್ಞಾನಿಯ ಕೆಲಸ ನನಗೆ ಇದಕ್ಕಿಂತಲೂ ಮುಖ್ಯ ಅನ್ನಿಸುತ್ತದೆ. ಮಿಶಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಜ್ ಇಲಿಗಳ ಮಿದುಳಿನ ಡೋಪಮಿನ್ ಹೆಚ್ಚುಕಡಿಮೆ ಪೂರ್ತಿ ಇಲ್ಲವಾಗಿಸಿ ನೋಡಿದರು. ಆ ಇಲಿಗಳು ಆಹಾರ ಹುಡುಕಿಕೊಂಡು ಹೋಗಲೇ ಇಲ್ಲ. ಆದರೆ ಸಿಹಿನೀರಿನ ಹನಿಯನ್ನು ಬಾಯಿಗೆ ಹಾಕಿದರೆ ಮೊದಲಿನಷ್ಟೇ ಖುಷಿಯಿಂದ ಚಪ್ಪರಿಸಿದವು. ಅಂದರೆ ಬೇಕು ಅನ್ನಿಸುವುದು ಬೇರೆ, ಸಿಕ್ಕಾಗ ಹಿತ ಅನ್ನಿಸುವುದು ಬೇರೆ. ಮಿದುಳಿನಲ್ಲಿ ಎರಡಕ್ಕೂ ಬೇರೆ ಬೇರೆ ವ್ಯವಸ್ಥೆ. ಡೋಪಮಿನ್ ಮುಖ್ಯವಾಗಿ ಮೊದಲನೆಯದಕ್ಕೆ ಸೇರಿದ್ದು. ಆರ್ಡರ್ ಮಾಡುವಾಗ ಅಷ್ಟು ತುಡಿತ ಇದ್ದ ವಸ್ತು, ಪಾರ್ಸೆಲ್ ಬಿಚ್ಚಿದಾಗ "ಓ, ಇದಾ" ಅನ್ನಿಸುವುದು ಇದಕ್ಕೇ. ತುಡಿತ ಜೋರಾಗಿದೆ ಅಂದ ಮಾತ್ರಕ್ಕೆ ವಸ್ತು ಅಷ್ಟೇ ಖುಷಿ ಕೊಡುತ್ತದೆ ಅಂತ ಅಲ್ಲ. ಇದೊಂದು ತಿಳಿದಿದ್ದರೂ ಎಷ್ಟೋ ಸಲ ಬೆರಳು ನಿಲ್ಲುತ್ತದೆ.

ತುಡಿತಕ್ಕೆ ಎದುರಾಗಿ ನಿಲ್ಲುವುದೂ ಒಂದಿದೆ. ದುಡ್ಡು ಕೊಡುವಾಗ ಆಗುವ ಸಣ್ಣ ಸಂಕಟ. 2007ರಲ್ಲಿ ಸ್ಟ್ಯಾನ್‌ಫರ್ಡ್‌ನ ಬ್ರಯಾನ್ ನಟ್ಸನ್ ಮತ್ತು ಸಂಗಡಿಗರು 26 ಜನರನ್ನು ಮಿದುಳಿನ ಸ್ಕ್ಯಾನರ್ ಒಳಗೆ ಮಲಗಿಸಿ ಖರೀದಿ ಮಾಡಿಸಿದರು. ಮೊದಲು ವಸ್ತು ತೋರಿಸುವುದು, ಆಮೇಲೆ ಬೆಲೆ, ಆಮೇಲೆ ಬೇಕೋ ಬೇಡವೋ ಎಂದು ಕೇಳುವುದು. ಇಷ್ಟವಾದ ವಸ್ತು ಕಂಡಾಗ ನ್ಯೂಕ್ಲಿಯಸ್ ಅಕಂಬೆನ್ಸ್ ಎಂಬ ಭಾಗ ಚುರುಕಾಯಿತು. ಬೆಲೆ ಅತಿಯಾಯಿತು ಅನ್ನಿಸಿದಾಗ ಇನ್ಸುಲಾ ಎಂಬ ಭಾಗ ಎಚ್ಚರವಾಯಿತು. ನೋವು, ಅಸಹ್ಯದಂಥ ಅನುಭವಗಳಲ್ಲೂ ಪಾಲಿರುವ ಜಾಗ ಅದು. ಕೈ ಬಿಗಿ ಹಿಡಿಯುವಂತೆ ಮಾಡುವುದು ಈ ಸಂಕಟವೇ. ಅದು ನಮ್ಮ ಪಾಲಿನ ಬ್ರೇಕು.

ಆ ಬ್ರೇಕು ನೋಟು ಎಣಿಸುವಾಗ ಚೆನ್ನಾಗಿ ಹಿಡಿಯುತ್ತದೆ, ಕಾರ್ಡು ಕೊಡುವಾಗ ಜಾರುತ್ತದೆ. ಡ್ರೇಜನ್ ಪ್ರೆಲೆಕ್ ಮತ್ತು ಡಂಕನ್ ಸಿಮೆಸ್ಟರ್ 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬ್ಯಾಸ್ಕೆಟ್‌ಬಾಲ್ ಪಂದ್ಯದ ಟಿಕೆಟ್ ಹರಾಜಿಗಿಟ್ಟರು. ಕೆಲವರಿಗೆ ನಗದು ಕೊಡಬೇಕು ಅಂದರು, ಉಳಿದವರಿಗೆ ಕಾರ್ಡು. ಕಾರ್ಡಿನವರು ಹೆಚ್ಚುಕಡಿಮೆ ಎರಡು ಪಟ್ಟು ಕೂಗಿದರು. ಅದೇ ಟಿಕೆಟ್, ಅದೇ ಪಂದ್ಯ! ಇನ್ನು ಆನ್‌ಲೈನ್‌ನಲ್ಲಿ ಕಾರ್ಡು ತೆಗೆಯುವ ಕೆಲಸವೂ ಇಲ್ಲ. ಒಂದೇ ಒತ್ತಿಗೆ ಖರೀದಿ ಮುಗಿಸುವ ವಿಧಾನಕ್ಕೆ ಅಮೆಜಾನ್ 1999ರಲ್ಲಿ ಅಮೆರಿಕದ ಪೇಟೆಂಟ್ ಪಡೆಯಿತು. 2017ರಲ್ಲಿ ಆ ಪೇಟೆಂಟ್ ಅವಧಿ ಮುಗಿಯಿತು. ವಿಳಾಸ ಬರೆಯುವುದು, ನಂಬರ್ ಹುಡುಕುವುದು ಬೇಸರದ ಕೆಲಸ ನಿಜ. ಆದರೆ ಇದು ಬೇಕಾ ಅಂತ ಯೋಚಿಸಲು ಸಿಗುತ್ತಿದ್ದ ಸಮಯವೂ ಅದೇ ಆಗಿತ್ತು.

ಆಫರ್ ಮುಗಿಯಲು ಇಷ್ಟೇ ಹೊತ್ತು ಎಂದು ಪರದೆಯ ಮೇಲೆ ಓಡುವ ಗಡಿಯಾರಗಳ ಬಗ್ಗೆಯೂ ಒಂದು ಮಾತು. 2019ರಲ್ಲಿ ಪ್ರಿನ್ಸ್‌ಟನ್‌ನ ಸಂಶೋಧಕರು ಸುಮಾರು 11 ಸಾವಿರ ಶಾಪಿಂಗ್ ತಾಣಗಳನ್ನು ಜಾಲಾಡಿ, ಕೊಳ್ಳುವವರನ್ನು ದಾರಿ ತಪ್ಪಿಸುವ ತಂತ್ರಗಳ 1,818 ನಿದರ್ಶನಗಳನ್ನು ಪಟ್ಟಿ ಮಾಡಿದರು. ಕೆಲವು ಕಡೆ ಗಡಿಯಾರ ಸೊನ್ನೆಗೆ ಬಂದರೂ ಆಫರ್ ಹಾಗೇ ಇತ್ತು.

ಈಗ ಟೀಚರ್‌ಗಳ ವಿಷಯಕ್ಕೆ ಬರೋಣ. ಅವರಿಗೆ ಇದು ಯಾಕೆ ಜಾಸ್ತಿ ನಾಟಬಹುದು? ದಿನವೆಲ್ಲ ದಣಿದು ಮನಸ್ಸಿನ ಬಲ ಖಾಲಿಯಾಗಿರುತ್ತದೆ ಅನ್ನುವುದು ಸುಲಭದ ಉತ್ತರ. ಮನೋಬಲ ಬಳಸಿದಷ್ಟೂ ಬತ್ತುತ್ತದೆ ಎಂಬ ಈ ವಿಚಾರ ಬಹಳ ಕಾಲ ಜನಪ್ರಿಯವಾಗಿತ್ತು. ಆದರೆ 2016ರಲ್ಲಿ 23 ಪ್ರಯೋಗಾಲಯಗಳು ಸೇರಿ ಪರೀಕ್ಷಿಸಿದಾಗ ಹೇಳಿಕೊಳ್ಳುವಂಥ ಪರಿಣಾಮ ಕಾಣಲಿಲ್ಲ. ಅದಕ್ಕೇ ನಾನು ಆ ಉತ್ತರವನ್ನು ಒಪ್ಪಿಕೊಳ್ಳುವುದಿಲ್ಲ.

ನನಗೆ ಹೆಚ್ಚು ಸರಿ ಅನ್ನಿಸುವುದು ಇನ್ನೊಂದು ವಿವರಣೆ. 2014ರಲ್ಲಿ ಸ್ಕಾಟ್ ರಿಕ್ ಮತ್ತು ಸಂಗಡಿಗರು ತೋರಿಸಿದಂತೆ, ಬೇಸರದಲ್ಲಿರುವಾಗ ಕೊಳ್ಳುವ ವಸ್ತು ಆರಿಸುವುದರಿಂದ ಬೇಸರ ಸ್ವಲ್ಪ ತಗ್ಗುತ್ತದೆ. ಯಾಕೆಂದರೆ ಆರಿಸುವಾಗ ನಮ್ಮ ಮಾತು ನಡೆಯುತ್ತದೆ ಅನ್ನುವ ಭಾವನೆ ಮರಳುತ್ತದೆ. ಟೀಚರ್ ದಿನವನ್ನು ನೋಡಿ. ಯಾವ ಪಾಠ, ಯಾವ ಹೊತ್ತಿಗೆ, ಎಷ್ಟು ನಿಮಿಷ ಅನ್ನುವುದನ್ನೆಲ್ಲ ಬೇರೆ ಯಾರೋ ನಿರ್ಧರಿಸಿರುತ್ತಾರೆ. ಕಲಿಸಿದ್ದರ ಫಲ ಕಾಣಲು ವರ್ಷಗಳೇ ಬೇಕು. ಸಂಜೆ ತಿದ್ದಬೇಕಾದ ಪುಸ್ತಕಗಳ ರಾಶಿ ಬೇರೆ. ಹೀಗಿರುವಾಗ ಬಣ್ಣ ಆರಿಸು, ಅಳತೆ ಆರಿಸು, ನಾಳೆಯೇ ಮನೆಗೆ ತರುತ್ತೇವೆ ಅನ್ನುವ ಪರದೆ ಹಿತವಾಗಿ ಕಂಡರೆ ಆಶ್ಚರ್ಯ ಏನಿದೆ? ಅದು ದುರಾಸೆ ಅಲ್ಲ. ಸಿಗದೇ ಇದ್ದ ಹಿಡಿತವನ್ನು ಸಿಗುವ ಜಾಗದಲ್ಲಿ ಹುಡುಕುವುದು.

ಜೊತೆಗೆ "ತರಗತಿಗೆ ಬೇಕು" ಅನ್ನುವ ಕಾರಣವೂ ಇರುತ್ತದೆ. ಅಮೆರಿಕದ ಸರ್ಕಾರಿ ಸಮೀಕ್ಷೆಯೊಂದರ ಪ್ರಕಾರ 2014-15ರಲ್ಲಿ ಅಲ್ಲಿನ ಸರ್ಕಾರಿ ಶಾಲೆಗಳ 94% ಟೀಚರ್‌ಗಳು ತರಗತಿಯ ಸಾಮಾನಿಗೆ ಸ್ವಂತ ದುಡ್ಡು ಹಾಕಿದ್ದರು. ಇದು ಪ್ರೀತಿಯ ಖರ್ಚು. ಇದನ್ನು ಚಪಲದ ಲೆಕ್ಕಕ್ಕೆ ಸೇರಿಸಲು ನನಗೆ ಮನಸ್ಸಿಲ್ಲ. ಆದರೆ ಸ್ಟಿಕ್ಕರ್, ಚಾರ್ಟು ಅಂತ ತೆರೆದ ಆ್ಯಪ್‌ನಲ್ಲೇ ಮಿಕ್ಕಿದ್ದೆಲ್ಲ ಬುಟ್ಟಿಗೆ ಬೀಳುತ್ತದೆ. ಹಾಗಾಗಿ ತರಗತಿಯ ಖರ್ಚಿಗೆ ಬೇರೆಯೇ ಮೊತ್ತ, ಬೇರೆಯೇ ದಿನ ಇಟ್ಟರೆ ಎರಡೂ ಕಲಸಿಹೋಗುವುದಿಲ್ಲ.

ಇನ್ನು ಉಪಾಯ. ಪರೀಕ್ಷೆಯ ಕೋಣೆಗೆ ಬರುವ ಮಕ್ಕಳಿಗೆ "ಪುಸ್ತಕ ಪಕ್ಕದಲ್ಲೇ ಇರಲಿ, ನೋಡಬೇಡಿ" ಅಂತ ಯಾವ ಟೀಚರ್ರೂ ಹೇಳುವುದಿಲ್ಲ. ಬ್ಯಾಗು ಹೊರಗಿಡಿ ಅನ್ನುತ್ತಾರೆ. ಮಕ್ಕಳು ಕೆಟ್ಟವರೆಂದಲ್ಲ. ಪಕ್ಕದಲ್ಲೇ ಪುಸ್ತಕ ಇದ್ದರೆ ಒಳ್ಳೆಯ ಮಗುವಿಗೂ ಕಷ್ಟ ಅಂತ ಗೊತ್ತು. ಹಾಗೆಯೇ ವರ್ಷದ ಟೈಮ್‌ಟೇಬಲ್ ಮಾಡುವುದು ಶಾಲೆ ಶುರುವಾಗುವ ಮುಂಚೆ, ಗದ್ದಲ ಇಲ್ಲದಾಗ. ಸಂಬಳದ ವಿಷಯದಲ್ಲೂ ಇಷ್ಟೇ ಬೇಕಾದದ್ದು. ನಿರ್ಧಾರ ಮೊದಲೇ ಆಗಿರಬೇಕು, ಆಸೆ ಹುಟ್ಟಿಸುವ ವಸ್ತು ಕೈಯಳತೆಯಿಂದ ಆಚೆ ಇರಬೇಕು.

ಮೊದಲೇ ನಿರ್ಧರಿಸುವುದು ಎಷ್ಟು ಕೆಲಸ ಮಾಡುತ್ತದೆ ಅನ್ನುವುದಕ್ಕೆ ಒಳ್ಳೆಯ ಉದಾಹರಣೆ ಇದೆ. ಅರ್ಥಶಾಸ್ತ್ರಜ್ಞರಾದ ರಿಚರ್ಡ್ ಥೇಲರ್ ಮತ್ತು ಶ್ಲೋಮೋ ಬೆನಾರ್ಟ್ಜಿ ಒಂದು ಕಂಪನಿಯ ನೌಕರರನ್ನು "ಈಗ ಉಳಿಸಿ" ಅಂತ ಕೇಳಲಿಲ್ಲ. "ಮುಂದೆ ಸಂಬಳ ಏರಿದಾಗಲೆಲ್ಲ ಅದರಲ್ಲಿ ಒಂದು ಪಾಲು ತಾನಾಗಿ ಉಳಿತಾಯಕ್ಕೆ ಹೋಗಲಿ, ಒಪ್ಪುತ್ತೀರಾ" ಅಂತ ಕೇಳಿದರು. ಒಪ್ಪಿದವರ ಉಳಿತಾಯ 40 ತಿಂಗಳಲ್ಲಿ ಸಂಬಳದ 3.5%ರಿಂದ 13.6%ಗೆ ಏರಿತು. ಇದು 2004ರ ವರದಿ. ಆ ಜನರ ಸ್ವಭಾವ ಬದಲಾಗಿರಲಿಲ್ಲ. ದುಡ್ಡು ಕಣ್ಣಿಗೆ ಬೀಳುವ ಮುಂಚೆಯೇ ಅದರ ದಾರಿ ತೀರ್ಮಾನವಾಗಿತ್ತು.

ಟೀಚರ್‌ಗಳೂ ಇದನ್ನು ಮಾಡಿಕೊಳ್ಳಬಹುದು. ಸಂಬಳ ಬಂದ ದಿನವೇ ಬಾಡಿಗೆ, ಸಾಲದ ಕಂತು, ಉಳಿತಾಯ ಎಲ್ಲವೂ ತಾನಾಗಿ ಬೇರೆ ಖಾತೆಗೆ ಹೋಗುವಂತೆ ಬ್ಯಾಂಕಿಗೆ ಹೇಳಿಡಿ. ಶಾಪಿಂಗ್ ಆ್ಯಪ್‌ಗೆ ಜೋಡಿಸಿದ ಖಾತೆ ಅದಾಗಿರಬಾರದು. ಸಂಬಳದ ದಿನ ಖಾತೆಯಲ್ಲಿ ಕಾಣುವ ದೊಡ್ಡ ಅಂಕಿ ನಿಜಕ್ಕೂ ನಿಮ್ಮ ಕೈಗೆ ಉಳಿಯುವ ಅಂಕಿ ಅಲ್ಲ, ಅಲ್ವಾ? ಕೊಡಬೇಕಾದ್ದನ್ನೆಲ್ಲ ಮೊದಲೇ ಆಚೆ ಕಳಿಸಿದರೆ ಕಣ್ಣಿಗೆ ಸರಿಯಾದ ಅಂಕಿಯೇ ಕಾಣುತ್ತದೆ. ದಿಲೀಪ್ ಸೋಮನ್ ಮತ್ತು ಅಮರ್ ಚೀಮಾ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಭಾರತದ ಕೂಲಿ ಕಾರ್ಮಿಕರ ಉಳಿತಾಯದ ಹಣವನ್ನು ಲಕೋಟೆಯಲ್ಲಿ ಹಾಕಿ ಅಂಟಿಸಿ ಕೊಟ್ಟರು. ಒಂದು ಲಕೋಟೆಯ ಬದಲು ಎರಡರಲ್ಲಿ ಹಂಚಿಟ್ಟಾಗ, ಮೇಲೆ ಅವರ ಮಕ್ಕಳ ಫೋಟೋ ಅಂಟಿಸಿದಾಗ ಜನ ಜಾಸ್ತಿ ಉಳಿಸಿದರು. ಬರೀ ಕಾಗದದ ಲಕೋಟೆ, ಯಾವಾಗ ಬೇಕಾದರೂ ಹರಿಯಬಹುದಿತ್ತು. ಅಷ್ಟು ಸಣ್ಣ ಅಡ್ಡಿಯೂ ಸಾಕಾಯಿತು.

ಫೋನಿನಲ್ಲೂ ಅಂಥ ಅಡ್ಡಿ ಹಾಕಬಹುದು. ಉಳಿಸಿಟ್ಟ ಕಾರ್ಡಿನ ವಿವರ ಅಳಿಸಿ. ಪ್ರತಿ ಸಲ ಲಾಗಿನ್ ಆಗಬೇಕಾದಂತೆ ಮಾಡಿ. ಆಫರ್ ಸಂದೇಶಗಳನ್ನು ನಿಲ್ಲಿಸಿ. ಸಂಬಳದ ವಾರ ಆ್ಯಪ್ ಅನ್ನೇ ತೆಗೆದುಹಾಕಿದರೆ ಇನ್ನೂ ಒಳ್ಳೆಯದು.

ಇಷ್ಟೆಲ್ಲ ಮಾಡಿದರೂ ತುಡಿತ ಬರುತ್ತದೆ. ಆ ಗಳಿಗೆಗೆ ಏನು ಮಾಡುವುದೆಂದು ಮುಂಚೆಯೇ ಒಂದು ವಾಕ್ಯ ಬರೆದಿಡಿ. "ಏನಾದರೂ ಬೇಕೆನಿಸಿದರೆ, ಡೈರಿಯಲ್ಲಿ ಹೆಸರು ಮತ್ತು ತಾರೀಕು ಬರೆದು ಶನಿವಾರ ನೋಡುತ್ತೇನೆ." ಹೀಗೆ "ಇದಾದರೆ ಅದು" ಅಂತ ಕಟ್ಟಿಕೊಂಡ ಯೋಜನೆಗಳ ಬಗ್ಗೆ ಪೀಟರ್ ಗೋಲ್‌ವಿಟ್ಜರ್ ಮತ್ತು ಪಾಸ್ಕಲ್ ಶೀರನ್ 2006ರಲ್ಲಿ 94 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಬರೀ ಸಂಕಲ್ಪ ಮಾಡಿದ್ದಕ್ಕಿಂತ ಇವು ಗುರಿ ಮುಟ್ಟಲು ಚೆನ್ನಾಗಿ ನೆರವಾಗಿದ್ದವು. ಪಾಠ ಯೋಜನೆ ಬರೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಖುಷಿಯನ್ನು ಪೂರ್ತಿ ಕಟ್ಟಿಹಾಕುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಲೆಕ್ಕ ಕೇಳದ ಒಂದು ಸಣ್ಣ ಮೊತ್ತ ಪ್ರತಿ ತಿಂಗಳೂ ಇರಲಿ, ಅದು ನಿಮ್ಮದೇ. ಹಿಡಿತ ಬೇಕೆನ್ನುವ ಆಸೆಗೆ ಬೇರೆ ದಾರಿಯೂ ಬೇಕು. ಸಂಬಳದ ಸಂಜೆ ಫೋನ್ ಬದಿಗಿಟ್ಟು ನೀವೇ ಆರಿಸಿಕೊಂಡ ಯಾವುದಾದರೂ ಕೆಲಸ ಮಾಡಿ, ಯಾರೊಡನೆಯಾದರೂ ಹೊರಗೆ ಸುತ್ತಾಡಿ. ಕೊಳ್ಳುವುದನ್ನು ನಿಲ್ಲಿಸಲು ಆಗುತ್ತಲೇ ಇಲ್ಲ, ಸಾಲ ಬೆಳೆಯುತ್ತಿದೆ, ಪಾರ್ಸೆಲ್ ಮನೆಯವರಿಂದ ಮುಚ್ಚಿಡುತ್ತಿದ್ದೀರಿ ಅಂದರೆ ಆಗ ಡೈರಿ ಸಾಲದು. ಮನೋವೈದ್ಯರನ್ನೋ ಆಪ್ತಸಲಹೆಗಾರರನ್ನೋ ಕಾಣಿ. ಅದಕ್ಕೆ ಚಿಕಿತ್ಸೆ ಇದೆ.

ಆ ಟೀಚರ್ ಈಗ ಡೈರಿ ಇಟ್ಟಿದ್ದಾರೆ. ಶನಿವಾರ ಪುಸ್ತಕ ತಿದ್ದಿ ಮುಗಿಸಿದ ಮೇಲೆ ಅದನ್ನು ತೆಗೆಯುತ್ತಾರೆ. ಬೇಡ ಅನ್ನಿಸಿದ್ದಕ್ಕೆ ಒಂದು ಗೆರೆ. ಇನ್ನೂ ಬೇಕು ಅನ್ನಿಸಿದ್ದಕ್ಕೆ ಸರಿ ಗುರುತು, ಅದನ್ನು ಅವರು ತರಿಸಿಕೊಳ್ಳುತ್ತಾರೆ. ಕೆಂಪು ಪೆನ್ನು ಹೇಗೂ ಕೈಯಲ್ಲೇ ಇರುತ್ತದೆ.