ಎರಡು ತಿಂಗಳ ಅಡ್ವಾನ್ಸ್ ಕಾನೂನು ಯಾವ ರಾಜ್ಯದ್ದು?

ಮೊನ್ನೆ ಮತ್ತೊಬ್ಬರು ಫೋನ್ ಮಾಡಿದ್ದರು. "ಸರ್, ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ತಗೊಳ್ಳೋ ಹಾಗಿಲ್ಲ ಅಂತ ಕಾನೂನು ಬಂದಿದೆಯಲ್ಲ. ನಮ್ಮ ಓನರ್ ಹತ್ತು ತಿಂಗಳದ್ದು ಇಟ್ಟುಕೊಂಡಿದ್ದಾರೆ. ಕೇಸ್ ಹಾಕಬಹುದಾ?" ಬೆಂಗಳೂರಿನಲ್ಲಿ ಬಾಡಿಗೆ, ಆಸ್ತಿ ವ್ಯಾಜ್ಯ ನಡೆಸುವ ನನಗೆ 2021ರಿಂದ ಈ ಪ್ರಶ್ನೆ ಬರುತ್ತಲೇ ಇದೆ. ಕೆಲವರು ಕೇಳಿ ಸುಮ್ಮನಾಗುತ್ತಾರೆ. ಕೆಲವರು ಕೇಳುವ ಮೊದಲೇ ಕೈ ಸುಟ್ಟುಕೊಂಡು ಬರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

2021ರ ಜೂನ್ 2ರಂದು ಕೇಂದ್ರ ಸಂಪುಟ ಒಪ್ಪಿದ್ದು ಮಾದರಿ ಬಾಡಿಗೆ ಕಾಯ್ದೆಯನ್ನು. ವಾಸದ ಮನೆಗೆ ಎರಡು ತಿಂಗಳು, ಅಂಗಡಿ, ಆಫೀಸಿಗೆ ಆರು ತಿಂಗಳು, ಅದಕ್ಕಿಂತ ಹೆಚ್ಚು ಠೇವಣಿ ಪಡೆಯಬಾರದು ಎಂದು ಅದರಲ್ಲಿ ಇದೆ, ನಿಜ. ಆದರೆ "ಮಾದರಿ" ಅನ್ನುವ ಪದದ ಮೇಲೆ ಯಾರ ಕಣ್ಣೂ ಬೀಳುವುದಿಲ್ಲ. ಅದನ್ನು ಸಂಸತ್ತು ಪಾಸು ಮಾಡಿಲ್ಲ. ಜಮೀನು, ಬಾಡಿಗೆಯ ವಿಷಯ ಮುಖ್ಯವಾಗಿ ರಾಜ್ಯಗಳ ಕೈಯಲ್ಲಿದೆ. ಹಾಗಾಗಿ ಕೇಂದ್ರ ಒಂದು ಕರಡು ಬರೆದು ರಾಜ್ಯಗಳಿಗೆ ಕಳಿಸಿತು. ಇದರಂತೆ ಹೊಸ ಕಾಯ್ದೆ ಮಾಡಿ, ಇಲ್ಲ ಇರುವುದನ್ನು ತಿದ್ದಿಕೊಳ್ಳಿ ಎಂದಿತು, ಅಷ್ಟೇ.

ಟೈಲರ್ ಅಂಗಡಿಯ ಗೋಡೆಯಲ್ಲಿ ಬ್ಲೌಸ್ ಡಿಸೈನ್ ಚಿತ್ರ ಹಾಕಿರುತ್ತಾರಲ್ಲ, ಹಾಗೆ ಇದು. ಚಿತ್ರ ತೋರಿಸಿ ಮೆಚ್ಚಿಕೊಂಡರೆ ಮೈಮೇಲೆ ಬ್ಲೌಸ್ ಬರುವುದಿಲ್ಲ. ಬಟ್ಟೆ ಕೊಡಬೇಕು, ಅಳತೆ ಕೊಡಬೇಕು, ಹೊಲಿಸಬೇಕು. ರಾಜ್ಯದ ಮಟ್ಟಿಗೆ ಹೇಳುವುದಾದರೆ ಶಾಸನಸಭೆ ಒಪ್ಪಬೇಕು, ಅಂಕಿತ ಬೀಳಬೇಕು, ರಾಜ್ಯಪತ್ರದಲ್ಲಿ ಅಚ್ಚಾಗಬೇಕು, ಜಾರಿಯ ದಿನ ಗೊತ್ತಾಗಬೇಕು. ಅಳತೆಯೂ ಎಲ್ಲ ಕಡೆ ಒಂದೇ ಇರುವುದಿಲ್ಲ. ಉತ್ತರ ಪ್ರದೇಶ 2021ರಲ್ಲಿ ಮನೆಗಳಿಗೆ ಎರಡೇ ತಿಂಗಳು ಎಂದಿತು. ತಮಿಳುನಾಡಿನ ಕಾಯ್ದೆ ಅದಕ್ಕೂ ಹಳೆಯದು, 2017ರದ್ದು, ಜಾರಿಗೆ ಬಂದದ್ದು 2019ರಲ್ಲಿ. ಅಲ್ಲಿ ಮೂರು ತಿಂಗಳು.

ಇನ್ನು ನಮ್ಮದು. ಕರ್ನಾಟಕ ಬಾಡಿಗೆ ಕಾಯ್ದೆಯ ಹೆಸರಿನಲ್ಲಿ 1999 ಅಂತಿದೆ, ಜಾರಿಗೆ ಬಂದದ್ದು 2001ರ ಡಿಸೆಂಬರ್ 31ಕ್ಕೆ. ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳು ದೊಡ್ಡ ನಗರಗಳಲ್ಲಿ ಸಾಮಾನ್ಯವಾಗಿ ಅದರ ವ್ಯಾಪ್ತಿಗೇ ಬರುವುದಿಲ್ಲ. ಬೆಂಗಳೂರಿನಲ್ಲಿ ಆ ಬಾಡಿಗೆಗೆ ಈಗ ಎಷ್ಟು ಮನೆ ಸಿಗುತ್ತವೆ, ನೀವೇ ಹೇಳಿ. ಉಳಿದವರಿಗೆಲ್ಲ ನಿಮ್ಮ ಕರಾರು ಪತ್ರ ಮತ್ತು 1882ರ ಸ್ವತ್ತು ವರ್ಗಾವಣೆ ಕಾಯ್ದೆಯೇ ಗತಿ.

2022ರಲ್ಲಿ ದಾವಣಗೆರೆ ಕಡೆಯ ಹುಡುಗನೊಬ್ಬ ಬಂದಿದ್ದ. ಬಾಡಿಗೆ 18,000, ಅಡ್ವಾನ್ಸ್ 1,80,000. ಮೊಬೈಲ್‌ನಲ್ಲಿ ಒಂದು ಸುದ್ದಿ ತುಣುಕು ಬಂದಿತ್ತು. ಎಂಟು ತಿಂಗಳದ್ದು ಅಕ್ರಮ, ಅದರಲ್ಲೇ ಮುರಿದುಕೊಳ್ಳಿ ಅಂತ ಓನರ್ ಆಂಟಿಗೆ ಮೆಸೇಜ್ ಹಾಕಿ ಬಾಡಿಗೆ ನಿಲ್ಲಿಸಿಬಿಟ್ಟ. ಮೂರನೇ ತಿಂಗಳು ಆಂಟಿಯ ಲಾಯರ್ ನೋಟಿಸ್ ಬಂತು. ಆಗ ಕರ್ನಾಟಕ ಆ ಮಾದರಿಯನ್ನು ಕಾನೂನು ಮಾಡಿಕೊಂಡಿರಲಿಲ್ಲ. ಒಳ್ಳೆಯ ಹುಡುಗ, ಮೋಸ ಮಾಡುವ ಬುದ್ಧಿ ಇರಲಿಲ್ಲ. ಪಾಪ, ಅಕ್ಕನ ಮದುವೆಗೆ ಅಪ್ಪ ಮಾಡಿದ್ದ ಸಾಲಕ್ಕೆ ಆ ದುಡ್ಡು ಬೇಕಿತ್ತು. ಆದರೆ ಕಾನೂನಿನ ಕಣ್ಣಲ್ಲಿ ಅವನು ಬಾಡಿಗೆ ಬಾಕಿ ಉಳಿಸಿಕೊಂಡವನು.

ಇಂಥದ್ದು ಬಾಡಿಗೆಯಲ್ಲಿ ಮಾತ್ರ ಆಗುವುದಿಲ್ಲ. 2001ರಲ್ಲಿ, ನಾನಿನ್ನೂ ಜೂನಿಯರ್, ಪಾವಗಡ ಕಡೆಯ ಹೆಂಗಸೊಬ್ಬರು ಬಂದಿದ್ದರು. ಪಿತ್ರಾರ್ಜಿತ ಜಮೀನಿನಲ್ಲಿ ಪಾಲು ಬೇಕು ಎಂದರು. ಅವರ ದೊಡ್ಡಮ್ಮನ ಮಗಳು ಆಂಧ್ರದ ಹಿಂದೂಪುರದ ಕಡೆಯವರು. ಆಕೆಗೆ ತವರಿನಲ್ಲಿ ಅಣ್ಣತಮ್ಮಂದಿರಿಗೆ ಸಮನಾದ ಪಾಲು ಸಿಕ್ಕಿತ್ತು. ಇಬ್ಬರ ಮದುವೆಯೂ 1990ರಲ್ಲಿ ಆದದ್ದು. "ನಮ್ಮಕ್ಕನಿಗೆ ಸಿಕ್ಕಿದ್ದು ನಂಗ್ಯಾಕೆ ಸಿಗಲ್ಲ ಸಾರ್?" ಎಂದು ಕೇಳಿದರು.

ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಕೊಡಲು ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಆಂಧ್ರ ಮಾಡಿಕೊಂಡ ತಿದ್ದುಪಡಿ 1985ರ ಸೆಪ್ಟೆಂಬರ್ 5ರಿಂದ ಜಾರಿ. ತಮಿಳುನಾಡಿನದು 1989. ಮಹಾರಾಷ್ಟ್ರದ್ದೂ ನಮ್ಮದೂ 1994, ನಮ್ಮದು ಜುಲೈ 30. ಜಾರಿಗೆ ಮುಂಚೆ ಮದುವೆಯಾದ ಹೆಣ್ಣುಮಕ್ಕಳಿಗೆ ಆಂಧ್ರದಲ್ಲೂ ನಮ್ಮಲ್ಲೂ ಆ ಹಕ್ಕು ಇರಲಿಲ್ಲ. 1990ರಲ್ಲಿ ಹಸೆಮಣೆ ಏರಿದ ಅಕ್ಕ ಅಲ್ಲಿ ಒಳಗೆ, ತಂಗಿ ಇಲ್ಲಿ ಹೊರಗೆ. ನಡುವೆ ಇದ್ದದ್ದು ಒಂದು ಗಡಿ ಕಲ್ಲು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರವೇ ದೇಶಕ್ಕೆಲ್ಲ ಒಂದೇ ತಿದ್ದುಪಡಿ ತಂದು ಮದುವೆಯ ಷರತ್ತು ತೆಗೆಯಿತು. ರಾಜ್ಯಗಳು ಮೊದಲು ಮಾಡಿ ತೋರಿಸಿದ್ದನ್ನು ಕೇಂದ್ರ ಆಮೇಲೆ ಎತ್ತಿಕೊಂಡಿತು. ನಾನು ಖುಷಿಯಿಂದ ಪಾವಗಡದ ಆ ಹೆಂಗಸಿಗೆ ಕಾಗದ ಬರೆದೆ. ಆದರೆ ಅವರ ತಮ್ಮಂದಿರು 2002ರಲ್ಲೇ ವಿಭಾಗ ಪತ್ರ ರಿಜಿಸ್ಟರ್ ಮಾಡಿಸಿಕೊಂಡಿದ್ದರು. 2004ರ ಡಿಸೆಂಬರ್ 20ಕ್ಕೆ ಮುಂಚೆ ಹಾಗೆ ಆದ ವಿಭಾಗವನ್ನು ಹೊಸ ತಿದ್ದುಪಡಿ ಮುಟ್ಟುವುದಿಲ್ಲ. ಆ ಕಾಗದ ಬರೆದದ್ದು ನನಗೆ ಇವತ್ತಿಗೂ ನೋವು.

ಅದಕ್ಕೇ ಯಾರು ಬಂದರೂ ಮೊದಲು ಎರಡು ಮಾತು ಕೇಳುತ್ತೇನೆ. ಆಸ್ತಿ ಯಾವ ರಾಜ್ಯದಲ್ಲಿದೆ? ನೀವು ಹೇಳುವ ಕಾನೂನು ಅಲ್ಲಿ ಯಾವ ದಿನದಿಂದ ಜಾರಿ? ಸುದ್ದಿಯಲ್ಲಿ "ಸಂಪುಟ ಒಪ್ಪಿಗೆ", "ಕರಡು", "ಮಾದರಿ" ಅಂತ ಇದ್ದರೆ ಅಲ್ಲೇ ನಿಲ್ಲಿ. ನಾನು ಇಲ್ಲಿ ಬರೆದದ್ದೂ ನಿಮ್ಮ ಪ್ರಕರಣದ ಹೊತ್ತಿಗೆ ಬದಲಾಗಿರಬಹುದು. ಅವತ್ತಿನ ಸ್ಥಿತಿ ನೋಡಿಯೇ ಹೆಜ್ಜೆ ಇಡಿ. ಅಲ್ಲಿಯವರೆಗೆ ಬಾಡಿಗೆ ಮಾತ್ರ ನಿಲ್ಲಿಸಬೇಡಿ.

ಆ ಹುಡುಗನ ವಿಷಯ ಕೋರ್ಟಿಗೆ ಹೋಗಲಿಲ್ಲ. ಆಂಟಿಯನ್ನು ಕೂರಿಸಿಕೊಂಡು ಮಾತಾಡಿದೆವು. ಮೂರು ತಿಂಗಳ ಬಾಕಿ ಮತ್ತು ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿದು ಉಳಿದ 1,08,000ಕ್ಕೆ ಚೆಕ್ ಕೊಟ್ಟರು. ಮುಂದಿನ ಮನೆಯ ಕರಾರು ಪತ್ರವನ್ನು ಅವನು ಸಹಿ ಹಾಕುವ ಮೊದಲೇ ನನಗೆ ಕಳಿಸಿದ. ಕೇಳಿ ಕೇಳಿ ಅಡ್ವಾನ್ಸನ್ನು ನಾಲ್ಕು ತಿಂಗಳಿಗೆ ಇಳಿಸಿಕೊಂಡಿದ್ದ. ಪೇಂಟಿಂಗ್‌ಗೆ ಎಷ್ಟು ಹಿಡಿಯಬೇಕು, ಬೀಗದ ಕೈ ಕೊಟ್ಟ ಎಷ್ಟು ದಿನಕ್ಕೆ ಉಳಿದ ದುಡ್ಡು ಕೊಡಬೇಕು ಅನ್ನುವುದನ್ನೂ ಬರೆಸಿದ್ದ.