ಮೇಸ್ತ್ರಿಗೆ ಗೊತ್ತಿರಬೇಕಾದದ್ದೆಷ್ಟು?

ಕೊಡಗಿನ ಸುಂಟಿಕೊಪ್ಪದ ಕಡೆಯ ಒಂದು ಅರೇಬಿಕಾ ಕಾಫಿ ತೋಟವನ್ನು ನೆನೆಸಿಕೊಳ್ಳಿ. ಚಿಗುರು ತೆಗೆಯುತ್ತಿದ್ದ ಹೆಂಗಸೊಬ್ಬರು ಎಲೆ ಹಳದಿಯಾದ ಗಿಡ ಕಂಡು, ಕೆಲಸದವರ ಉಸ್ತುವಾರಿ ನೋಡುವ ಮೇಸ್ತ್ರಿಯನ್ನು ಕರೆಯುತ್ತಾರೆ. ಮೇಸ್ತ್ರಿ ಕಾಂಡವನ್ನು ಸವರಿ ನೋಡುತ್ತಾರೆ. ತೊಗಟೆಯ ಮೇಲೆ ಉಬ್ಬಿದ ಗೆರೆ ಕೈಗೆ ತಾಗಿದರೆ ಅದು ಬಿಳಿ ಕಾಂಡಕೊರಕ, ಕಾಂಡದೊಳಗೆ ಕೊರೆಯುವ ದುಂಬಿಯ ಹುಳು; ಗಿಡ ಕಿತ್ತು ಸುಡಬೇಕು. ಗೆರೆ ಇಲ್ಲ, ಆದರೂ ಗಿಡ ಸೊರಗುತ್ತಿದೆ ಎಂದಾದರೆ ವಿಷಯ ತೋಟದ ಲೆಕ್ಕಪತ್ರ ನೋಡುವ ರೈಟರಿಗೆ, ಅಲ್ಲಿಂದ ಮಾಲೀಕರಿಗೆ ಹೋಗುತ್ತದೆ. ಅವರಿಗೂ ತಿಳಿಯದಿದ್ದರೆ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರವಿದೆ.

ಈ ಮೆಟ್ಟಿಲುಗಳು ಬರಿಯ ಅಧಿಕಾರದವಲ್ಲ, ತಿಳಿವಳಿಕೆಯವೂ ಹೌದು. ಅರ್ಥಶಾಸ್ತ್ರಜ್ಞ ಲೂಯಿಸ್ ಗಾರಿಕಾನೊ 2000ದಲ್ಲಿ ಇದನ್ನು ಗಣಿತದ ಮಾದರಿಯಾಗಿ ಬಿಡಿಸಿಟ್ಟರು. ಎಲ್ಲರಿಗೂ ಎಲ್ಲವನ್ನೂ ಕಲಿಸುವುದು ದುಬಾರಿ. ಪ್ರತಿಯೊಂದಕ್ಕೂ ಮೇಲಿನವರನ್ನು ಕೇಳುತ್ತ ಕೂತರೆ ಅವರ ಸಮಯ ಹಾಳು. ಹಾಗಾಗಿ ದಿನವೂ ಎದುರಾಗುವ ಸಮಸ್ಯೆ ಕೆಳಗೇ ಬಗೆಹರಿಯುತ್ತದೆ, ಅಪರೂಪದ್ದು ಮಾತ್ರ ಮೇಲೇರುತ್ತದೆ. ಯಾರು ಎಷ್ಟು ಕಲಿಯಬೇಕು ಎಂಬುದನ್ನು ತೀರ್ಮಾನಿಸುವುದು ಈ ಎರಡು ಖರ್ಚುಗಳ ತೂಕ.

2006ರಲ್ಲಿ ಅವರು ಇನ್ನೊಬ್ಬ ಅರ್ಥಶಾಸ್ತ್ರಜ್ಞ ಎಸ್ಟೆಬಾನ್ ರೊಸ್ಸಿ-ಹ್ಯಾನ್ಸ್‌ಬರ್ಗ್ ಜೊತೆಗೂಡಿ ಸಂಬಳದ ಪ್ರಶ್ನೆಯನ್ನೂ ಇದಕ್ಕೆ ಸೇರಿಸಿದರು. ಕೇಳುವುದು ಅಗ್ಗವಾದರೆ ಕಲಿಯುವ ಅಗತ್ಯ ತಗ್ಗುತ್ತದೆ. ಒಬ್ಬ ತಿಳಿದವರು ಹೆಚ್ಚು ಜನರ ಪ್ರಶ್ನೆಗಳಿಗೆ ಉತ್ತರಿಸಬಲ್ಲರು, ಅವರ ಗಳಿಕೆ ಏರುತ್ತದೆ. ಕೆಳಗಿನವರು ತಾವೇ ತೀರ್ಮಾನಿಸುವ ಕೆಲಸ ಕಿರಿದಾಗುತ್ತದೆ. ರೊಸ್ಸಿ-ಹ್ಯಾನ್ಸ್‌ಬರ್ಗ್ ನಗರಗಳನ್ನೂ ವ್ಯಾಪಾರವನ್ನೂ ಇದೇ ಎಳೆ ಹಿಡಿದು ನೋಡಿದವರು. ಅಮೆರಿಕದಲ್ಲಿ ಸಂಸ್ಥೆಗಳ ಆಡಳಿತ ನಗರದ ನಡುವೆ ಉಳಿದು ಉತ್ಪಾದನೆ ಅಂಚಿಗೆ ಸರಿದದ್ದನ್ನು ಅವರು ಸಹಲೇಖಕರೊಂದಿಗೆ 2009ರಲ್ಲಿ ವಿವರಿಸಿದರು.

ಬೆಂಗಳೂರಿನಲ್ಲಿ ಮನೆ ಮಾಡಿ, ಕೊಡಗಿನ ತೋಟವನ್ನು ಮೊಬೈಲ್‌ನಲ್ಲೇ ನೋಡಿಕೊಳ್ಳುವ ಮಾಲೀಕರನ್ನು ಕಂಡಾಗಲೆಲ್ಲ ನನಗೆ ಈ ಲೆಕ್ಕ ನೆನಪಾಗುತ್ತದೆ. ಗಿಡದ ಫೋಟೊ ವಾಟ್ಸಾಪ್‌ನಲ್ಲಿ ಹೋಗುತ್ತದೆ, ಉತ್ತರ ಗಳಿಗೆಯಲ್ಲಿ ಬರುತ್ತದೆ. ದೂರದ ತಜ್ಞರ ಮಾತು ಸಣ್ಣ ತೋಟಕ್ಕೂ ಸಿಗುವಂತಾಗಿದೆ, ಅದು ದೊಡ್ಡ ಲಾಭವೇ. ಆದರೆ ಫೋಟೊ ಕಳಿಸಬೇಕು ಎಂದು ಯಾರಿಗಾದರೂ ಅನ್ನಿಸಬೇಕಲ್ಲ? ಕಳೆದ ಮಳೆಗಾಲದಲ್ಲಿ ನೆರಳಿನ ಮರ ಬಿದ್ದು ಯಾವ ಇಳಿಜಾರಿಗೆ ಈಗ ಬಿಸಿಲು ಬೀಳುತ್ತಿದೆ ಎಂಬುದು ಮೇಸ್ತ್ರಿಗೆ ಗೊತ್ತು. ಬಿಸಿಲು ತಾಗುವ ಕಾಂಡವೇ ಕೊರಕದ ದುಂಬಿಗೆ ಇಷ್ಟ, ತೊಗಟೆಯ ಬಿರುಕಿನಲ್ಲಿ ಅದು ಮೊಟ್ಟೆಯಿಡುತ್ತದೆ. ಆದ್ದರಿಂದ ಮೇಸ್ತ್ರಿ ಮೊದಲು ಹುಡುಕುವುದೇ ಅಲ್ಲಿ. ಆ ತಿಳಿವಳಿಕೆ ಉತ್ತರ ಕೊಡುವುದಕ್ಕಷ್ಟೇ ಅಲ್ಲ, ಪ್ರಶ್ನೆ ಹುಟ್ಟುವುದಕ್ಕೂ ಬೇಕು.

ದುಂಬಿಗಳು ಹೊರಬಂದು ಹಾರುವುದು ಏಪ್ರಿಲ್–ಮೇ ತಿಂಗಳಲ್ಲಿ, ಮತ್ತೆ ಮುಂಗಾರು ಕಳೆದ ಮೇಲೆ. ಅದಕ್ಕೂ ಮುಂಚೆ ಸಾಲು ಸಾಲಾಗಿ ನಡೆದು ಕಾಂಡ ಸವರಿ ನೋಡುವವರು ತೋಟದಲ್ಲಿರಬೇಕು. ಮೊಬೈಲ್ ಇದೆಯಲ್ಲ ಎಂದು ಅವರಿಗೆ ಕಲಿಸುವುದನ್ನೇ ಕೈಬಿಡುತ್ತಿರುವ ತೋಟಗಳ ಬಗ್ಗೆ ನನಗೆ ಆತಂಕವಿದೆ.